ಯುದ್ಧ ಮುಗಿದದ್ದು ಯಕೃತ್ತಿಗೆ ಗೊತ್ತಿಲ್ಲ

1957ರ ಜನವರಿ. ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ಹೃದ್ರೋಗ ವೈದ್ಯರು, ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್, 40 ಮಂದಿ ಲೆಕ್ಕಪತ್ರ ತಜ್ಞರ ರಕ್ತವನ್ನು ಮತ್ತೆ ಮತ್ತೆ ತೆಗೆದು ಪರೀಕ್ಷಿಸತೊಡಗಿದರು. ಅಮೆರಿಕದಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸಲು ಏಪ್ರಿಲ್ 15 ಕೊನೆಯ ದಿನ. ಆ ದಿನ ಹತ್ತಿರವಾಗುತ್ತ ಬಂದಂತೆ ಈ ಮಂದಿಯ ಕೊಲೆಸ್ಟರಾಲ್ ಏರಿತು! ರಕ್ತ ಬೇಗ ಬೇಗ ಹೆಪ್ಪುಗಟ್ಟತೊಡಗಿತು! ಗಡುವು ದಾಟಿ ಮೇ, ಜೂನ್ ಬಂದಾಗ ಎರಡೂ ತಮ್ಮಷ್ಟಕ್ಕೆ ತಾವೇ ತಗ್ಗಿದವು. ಅವರ ಊಟ ಬದಲಾಗಿರಲಿಲ್ಲ, ತೂಕವೂ ಬದಲಾಗಿರಲಿಲ್ಲ. ಬದಲಾಗಿದ್ದದ್ದು ಕ್ಯಾಲೆಂಡರಿನ ಹಾಳೆ, ಮತ್ತು ತಲೆಯೊಳಗಿನ ಒತ್ತಡ.

ತೆರಿಗೆಯ ಕಾಗದಕ್ಕೇ ನೆತ್ತರು ಹೀಗೆ ಮಿಡಿಯುವುದಾದರೆ, ಹೊಂಚುದಾಳಿಯಲ್ಲಿ ಪಕ್ಕದ ಗೆಳೆಯ ಕುಸಿದದ್ದನ್ನು ಕಂಡು ಮನೆಗೆ ಮರಳಿದವನ ನೆತ್ತರಿನಲ್ಲಿ ಏನಾಗಿರಬೇಡ? ಅವನ ಪಾಲಿಗೆ ಏಪ್ರಿಲ್ 15 ಕಳೆದುಹೋಗುವುದೇ ಇಲ್ಲ. ಇಪ್ಪತ್ತು ವರ್ಷದ ಮೇಲೂ ಪಟಾಕಿ ಸದ್ದಿಗೆ ನೆಲಕ್ಕೆ ಬೀಳುತ್ತಾನೆ, ರಾತ್ರಿ ಎರಡಕ್ಕೆ ಬೆವೆತು ಎದ್ದು ಕೂರುತ್ತಾನೆ, ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲು ಕಾಣುವ ಜಾಗವನ್ನೇ ಹುಡುಕುತ್ತಾನೆ. ಇದಕ್ಕೆ 1980ರಲ್ಲಿ ಅಮೆರಿಕದ ಮನೋವೈದ್ಯರು ಕೊಟ್ಟ ಹೆಸರು ಪಿಟಿಎಸ್‌ಡಿ, ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ.

1999ರಲ್ಲಿ ಬ್ರೂಸ್ ಕೇಗನ್ ಮತ್ತು ಸಂಗಡಿಗರು ಈ ಕಾಯಿಲೆ ದೀರ್ಘಕಾಲದಿಂದ ಕಾಡುತ್ತಿದ್ದ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರ ರಕ್ತದ ಲೆಕ್ಕ ಪ್ರಕಟಿಸಿದರು. ಸೈಗಾನ್ ಬಿದ್ದು ಆ ಯುದ್ಧ ಮುಗಿದು ಕಾಲು ಶತಮಾನವೇ ಆಗುತ್ತಿತ್ತು. ಕೊಬ್ಬಿನ ಅಂಶ ಅವರ ರಕ್ತದಲ್ಲಿ ಏರಿಯೇ ಇತ್ತು! 2004ರಲ್ಲಿ ಕ್ರೊಯೇಷಿಯಾದ ದಾಲಿಬೋರ್ ಕಾರ್ಲೋವಿಚ್ ತಂಡ ಇನ್ನೊಂದು ಯುದ್ಧದ, ಇನ್ನೊಂದು ನೆಲದ, ಬೇರೆಯದೇ ಅಡುಗೆ ಉಣ್ಣುವ ಸೈನಿಕರನ್ನು ನೋಡಿತು. ಅಲ್ಲಿಯೂ ಅದೇ: ಒಟ್ಟು ಕೊಲೆಸ್ಟರಾಲ್, ಕೆಟ್ಟ ಕೊಲೆಸ್ಟರಾಲ್ ಎನ್ನಿಸಿಕೊಂಡ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಹೆಚ್ಚು. ಸಿಗರೇಟು, ಕುಡಿತ, ನಿದ್ದೆಗೇಡು, ಕೆಲವು ಔಷಧಿಗಳು, ಇವುಗಳ ಪಾಲೂ ಇದರಲ್ಲಿ ಇದೆ, ನಿಜ. ಆದರೂ ಜಂಗಮವಾದ ಒಂದು ನೆನಪು ಹೊಟ್ಟೆಯ ಬಲಭಾಗದಲ್ಲಿ ಕುಳಿತ ಯಕೃತ್ತಿಗೆ ಆಜ್ಞೆ ಕೊಡುವುದೆಂದರೆ!

ಆ ಆಜ್ಞೆ ಸಾಗುವ ದಾರಿ ಹೀಗಿದೆ. ಭಯ ಹುಟ್ಟಿದ ಕ್ಷಣ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಕೊಬ್ಬಿನ ಕೋಶಗಳು ತಮ್ಮ ಉಗ್ರಾಣ ತೆರೆದು ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ. ಓಡಲು, ಹೋರಾಡಲು ಸ್ನಾಯುಗಳಿಗೆ ಇಂಧನ ಬೇಕಲ್ಲ! ಆದರೆ ಹಾಸಿಗೆಯಲ್ಲಿ ಎದ್ದು ಕುಳಿತವನು ಎಲ್ಲಿಗೂ ಓಡುವುದಿಲ್ಲ. ಉರಿಯದೆ ಉಳಿದ ಇಂಧನ ಯಕೃತ್ತು ಸೇರುತ್ತದೆ. ಯಕೃತ್ತು ಅದನ್ನು ಕೊಲೆಸ್ಟರಾಲ್ ಜೊತೆ ಸಣ್ಣ ಸಣ್ಣ ಕಣಗಳಾಗಿ ಕಟ್ಟಿ ಮತ್ತೆ ರಕ್ತಕ್ಕೇ ಕಳಿಸುತ್ತದೆ. ಆ ಕಣಗಳೇ ಮುಂದೆ ಎಲ್‌ಡಿಎಲ್ ಆಗುತ್ತವೆ. ಒಂದು ರಾತ್ರಿಯಾದರೆ ಏನೂ ಅಲ್ಲ. ಸಾವಿರಾರು ರಾತ್ರಿಗಳಾದರೆ?

ಇನ್ನೂ ಬೆರಗಾಗುವ ಸಂಗತಿ ಇದೆ. ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್‌ ಅನ್ನು ದೇಹ ತಯಾರಿಸುವುದೇ ಕೊಲೆಸ್ಟರಾಲ್‌ನಿಂದ. ಪಿಟಿಎಸ್‌ಡಿ ಇದ್ದವರಲ್ಲಿ ಕಾರ್ಟಿಸಾಲ್ ಉಕ್ಕಿ ಹರಿಯುತ್ತಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. 1986ರಲ್ಲಿ ಜಾನ್ ಮೇಸನ್, ಆಮೇಲೆ ರೇಚಲ್ ಯೆಹೂದಾ ಪಿಟಿಎಸ್‌ಡಿ ಇದ್ದ ಮಾಜಿ ಸೈನಿಕರ ಮೂತ್ರದಲ್ಲಿ ಅದನ್ನು ಅಳೆದಾಗ ಕಂಡದ್ದು ತದ್ವಿರುದ್ಧ: ಕಾರ್ಟಿಸಾಲ್ ಕಡಿಮೆ! ಗಾಬರಿ ಮುಗಿಯಿತು, ಇನ್ನು ಸುಮ್ಮನಿರು ಎಂದು ದೇಹಕ್ಕೆ ಹೇಳುವ ಹಾರ್ಮೋನೇ ಸಾಲದು, ಗಾಬರಿ ಎಬ್ಬಿಸುವುದು ಮಾತ್ರ ಧಾರಾಳ.

ಈಗ ತಲೆಯೊಳಕ್ಕೆ ಹೋಗೋಣ. ನನ್ನನ್ನು ದಂಗುಬಡಿಸಿದ್ದು ಇಲ್ಲಿಯ ಲೋಕ. ಮಿದುಳು ದೇಹದ ತೂಕದಲ್ಲಿ ಶೇಕಡಾ 2. ಆದರೆ ದೇಹದ ಒಟ್ಟು ಕೊಲೆಸ್ಟರಾಲ್‌ನ ಐದರಲ್ಲಿ ಒಂದು ಭಾಗಕ್ಕೂ ಹೆಚ್ಚು ಅಲ್ಲಿದೆ! ನಾವು ತಿಂದ ತುಪ್ಪದ್ದಾಗಲಿ, ಯಕೃತ್ತು ಕಳಿಸಿದ್ದಾಗಲಿ ಅಲ್ಲ ಅದು. ರಕ್ತಕ್ಕೂ ಮಿದುಳಿಗೂ ನಡುವಿನ ಗೋಡೆ ರಕ್ತದ ಕೊಲೆಸ್ಟರಾಲ್ ಕಣಗಳನ್ನು ಒಳಗೆ ಬಿಡುವುದಿಲ್ಲ. ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೆಚ್ಚಾದದ್ದನ್ನು ಚೂರು ಬದಲಿಸಿ ಹೊರಗೆ ಸಾಗಿಸುತ್ತದೆ. ಈ ಸಾಗಾಟದ ಗುಟ್ಟನ್ನು ಬಿಡಿಸಿದವರು ಸ್ಟಾಕ್‌ಹೋಮ್‌ನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಇಂಗೆಮಾರ್ ಬ್ಯೋರ್ಕೆಮ್. ಅವರ ಲೆಕ್ಕದ ಪ್ರಕಾರ ಮನುಷ್ಯನ ಮಿದುಳಿನ ಕೊಲೆಸ್ಟರಾಲ್‌ನಲ್ಲಿ ಅರ್ಧ ಬದಲಾಗಲು ಸುಮಾರು ಐದು ವರ್ಷ ಬೇಕು. ಅಂದರೆ ಗುಂಡಿನ ಸದ್ದು ಕೇಳಿದ ದಿನ ಸೈನಿಕನ ನರಕೋಶಗಳ ಪೊರೆಯಲ್ಲಿದ್ದ ಅಣುಗಳಲ್ಲಿ ಎಷ್ಟೋ, ಅವನು ಮನೆಗೆ ಬಂದು ಮಗಳನ್ನು ಶಾಲೆಗೆ ಸೇರಿಸಿದ ದಿನವೂ ಅಲ್ಲೇ ಇದ್ದಾವು!

ಅವು ಅಲ್ಲಿ ಸುಮ್ಮನೆ ಕೂತಿಲ್ಲ. ಬರ್ಲಿನ್‌ನಲ್ಲಿ ಫ್ರಾಂಕ್ ಪ್ರೀಗರ್ ತಂಡ ಒಂದು ಒಗಟಿನ ಹಿಂದೆ ಬಿದ್ದಿತ್ತು: ನರಕೋಶಗಳನ್ನು ಒಂಟಿಯಾಗಿ ಬೆಳೆಸಿದರೆ ಅವು ಒಂದಕ್ಕೊಂದು ಸರಿಯಾಗಿ ಬೆಸೆಯುವುದಿಲ್ಲ, ಪಕ್ಕದಲ್ಲಿ ನರಕೋಶಗಳಿಗೆ ಆಸರೆಯಾಗುವ ಗ್ಲಯಾ ಕೋಶಗಳಿದ್ದರೆ ಬೆಸುಗೆ ಚಿಗುರುತ್ತದೆ. ಗ್ಲಯಾ ಸ್ರವಿಸುವ ಆ ಮಾಯದ ವಸ್ತು ಯಾವುದು? 2001ರಲ್ಲಿ ಉತ್ತರ ಸಿಕ್ಕಿತು. ಕೊಲೆಸ್ಟರಾಲ್! ಲ್ಯಾಬ್ ವರದಿಯಲ್ಲಿ ಕೆಂಪು ಅಕ್ಷರದಲ್ಲಿ ಕಂಡು ನಾವು ಬೆಚ್ಚುವ ಅದೇ ಅಣು ನೆನಪುಗಳ ಬೆಸುಗೆಗೆ ಬೇಕಾದ ಸಾಮಗ್ರಿ.

ಭಯದ ನೆನಪು ಎಲ್ಲಿ ಬೆಸೆಯುತ್ತದೆ ಎಂಬ ಪ್ರಶ್ನೆಗೆ ಒಂದು ಅಪೂರ್ವ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಜೊತೆಗಾರರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದ ಹಾಗೆ ಹಿಡಿದಿಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ನರವಿಜ್ಞಾನಿಗಳ ಹುಬ್ಬೇರಿಸಿತು. ನೆನಪಿಗೆ ಹೊತ್ತು ಗೊತ್ತು ಕೊಡುವ ಹಿಪ್ಪೋಕ್ಯಾಂಪಸ್‌ನಲ್ಲಿ ನರಕೋಶಗಳ ಕೊಂಬೆಗಳು ಮುದುಡಿದ್ದವು. ಭಯದ ನೆಲೆಯಾದ ಅಮಿಗ್ಡಲಾದಲ್ಲಿ ಅವೇ ಕೊಂಬೆಗಳು ಹರಡಿ ಬೆಳೆದಿದ್ದವು! ಮುಂದಿನ ಪ್ರಯೋಗದಲ್ಲಿ ಇಲಿಗಳಿಗೆ 21 ದಿನ ಬಿಡುವು ಕೊಟ್ಟರು. ಹಿಪ್ಪೋಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾ ಬೆಳೆದದ್ದು ಬೆಳೆದ ಹಾಗೇ ಉಳಿಯಿತು.

2005ರಲ್ಲಿ ಇನ್ನೂ ಒಂದು ಹೆಜ್ಜೆ. ಒಂದೇ ಒಂದು ಸಲ, ಎರಡೇ ಗಂಟೆಯ ಒತ್ತಡ. ಮರುದಿನ ನೋಡಿದರೆ ಏನೂ ಇಲ್ಲ. ಹತ್ತು ದಿನದ ನಂತರ ನೋಡಿದರೆ ಅಮಿಗ್ಡಲಾದ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು, ಅಂದರೆ ಹೊಸ ಬೆಸುಗೆಯ ತಾಣಗಳು! ಯುದ್ಧಭೂಮಿಯಲ್ಲಿ ಗಟ್ಟಿಯಾಗಿ ನಿಂತವನು ಊರಿಗೆ ಬಂದು ವಾರಗಳಾದ ಮೇಲೆ ಕುಸಿಯುವುದನ್ನು ಕಂಡು ನಂಬದವರು ಎಷ್ಟು ಮಂದಿ! ಅವರೆಲ್ಲ ಈ ಹತ್ತು ದಿನಗಳ ಕಥೆ ಓದಬೇಕು.

ಹೊಸ ಬೆಸುಗೆಗೆ ಪೊರೆ ಬೇಕು, ಪೊರೆಗೆ ಕೊಲೆಸ್ಟರಾಲ್ ಬೇಕು. ಸಮಾಧಾನಕ್ಕೂ ಅದೇ ಬೇಕು! ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲಿ ಥಾಮಸ್ ಪುಕ್ಕಡಿಯಿಲ್ ಮತ್ತು ಅಮಿತಾಭ ಚಟ್ಟೋಪಾಧ್ಯಾಯ ಹಸುವಿನ ಹಿಪ್ಪೋಕ್ಯಾಂಪಸ್‌ನ ಪೊರೆಯಿಂದ ಕೊಲೆಸ್ಟರಾಲ್ ತೆಗೆದು ನೋಡಿದರು. ಆತಂಕ, ಖಿನ್ನತೆಗಳ ಜೊತೆ ನಂಟಿರುವ ಸಿರೊಟೋನಿನ್ 1ಎ ಗ್ರಾಹಕದ ಹಿಡಿತ ಸಡಿಲವಾಯಿತು. ಕೊಲೆಸ್ಟರಾಲ್ ಮರಳಿ ತುಂಬಿದರು. ಹಿಡಿತ ಮರಳಿತು!

ಇದನ್ನು ತಿಳಿದ ಮೇಲೆ ವಿಯೆಟ್ನಾಂ ಕಾಲದ 4,462 ಮಾಜಿ ಸೈನಿಕರ ಕಥೆ ಬೇರೆಯೇ ಆಗಿ ಕಾಣುತ್ತದೆ. 1985–86ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಇವರ ಮೈ ಮನಸ್ಸು ಎರಡನ್ನೂ ಪರೀಕ್ಷಿಸಿದ್ದರು. ಜೋಸೆಫ್ ಬೊಸ್ಕಾರಿನೋ ಮತ್ತು ಸಂಗಡಿಗರು ಆ ದಾಖಲೆಗಳನ್ನು ಮುಂದೆ ಸಂಭವಿಸಿದ ಸಾವುಗಳ ಜೊತೆ ಇಟ್ಟು ನೋಡಿದರು. ಕೊಲೆಸ್ಟರಾಲ್ ತೀರ ಕಡಿಮೆ ಇದ್ದು ಖಿನ್ನತೆಯೂ ಇದ್ದವರಲ್ಲಿ ಅಪಘಾತ, ಆತ್ಮಹತ್ಯೆಯಂಥ ಸಾವುಗಳು ಎದ್ದು ಕಂಡವು. ಹಾಗೆಂದು ಯಾರೂ ಮಾತ್ರೆ ನಿಲ್ಲಿಸಬೇಕಿಲ್ಲ. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಔಷಧಿಗಳ ದೊಡ್ಡ ಪ್ರಯೋಗಗಳಲ್ಲಿ ಅಂಥ ಅಪಾಯ ಕಂಡಿಲ್ಲ, ಅವು ಉಳಿಸಿದ ಹೃದಯಗಳಂತೂ ಲೆಕ್ಕವಿಲ್ಲದಷ್ಟು. ಕಡಿಮೆ ಕೊಲೆಸ್ಟರಾಲ್ ಕಾರಣವೋ, ಊಟ ಬಿಟ್ಟ ಬಳಲಿದ ಮನಸ್ಸಿನ ಗುರುತೋ ಎಂಬ ಚರ್ಚೆ ಇನ್ನೂ ಬಿಸಿಯಾಗಿದೆ.

ಹೃದಯದ ವಿಷಯದಲ್ಲಿ ಮಾತ್ರ ಅನುಮಾನ ಕರಗುತ್ತಿದೆ. 1871ರಲ್ಲೇ ಫಿಲಡೆಲ್ಫಿಯಾದ ಜೇಕಬ್ ಡ ಕೋಸ್ಟಾ ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆ ಡವಗುಟ್ಟುವುದನ್ನು ದಾಖಲಿಸಿದ್ದರು. ಅದಕ್ಕೆ ಸೈನಿಕರ ಹೃದಯ ಎಂದೇ ಹೆಸರು ಬಿತ್ತು. ಆದರೆ ಇದು ಯುದ್ಧದ ಫಲವೋ, ಹುಟ್ಟಿನಿಂದ ಬಂದದ್ದೋ? ಎಮರಿ ವಿಶ್ವವಿದ್ಯಾಲಯದ ವಿಯೊಲಾ ವಕ್ಕರಿನೋ ಇದಕ್ಕೆ ಅವಳಿಗಳನ್ನು ಹುಡುಕಿದರು! ವಿಯೆಟ್ನಾಂ ಕಾಲದಲ್ಲಿ ಸೇನೆಯಲ್ಲಿದ್ದ 281 ಅವಳಿ ಜೋಡಿಗಳು, ಸುಮಾರು 13 ವರ್ಷಗಳ ಅಂತರದಲ್ಲಿ ಮತ್ತೆ ಪರೀಕ್ಷೆ. 2013ರಲ್ಲಿ ಉತ್ತರ ಬಂತು: ಪಿಟಿಎಸ್‌ಡಿ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇಕಡಾ 22.6, ಇಲ್ಲದವರಲ್ಲಿ 8.9. ಒಂದೇ ಗರ್ಭದಲ್ಲಿ ಬೆಳೆದು ಒಂದೇ ಮನೆಯಲ್ಲಿ ಉಂಡ ಅಣ್ಣತಮ್ಮಂದಿರನ್ನು ಪಕ್ಕಪಕ್ಕ ಇಟ್ಟರೂ ಪಿಟಿಎಸ್‌ಡಿ ಹೊತ್ತವನ ಹೃದಯವೇ ಹೆಚ್ಚು ಸೋತಿತ್ತು.

ಮನಸ್ಸು ಕೆಟ್ಟರೆ ರಕ್ತ ಕೆಡುವುದಾದರೆ, ಮನಸ್ಸು ಹಗುರಾದರೆ? ಸೇಂಟ್ ಲೂಯಿಸ್‌ನ ಜೆಫ್ರಿ ಶೆರರ್ ತಂಡ 2019ರಲ್ಲಿ 1,598 ಮಾಜಿ ಸೈನಿಕರ ದಾಖಲೆಗಳಲ್ಲಿ ಇದೇ ಯಕೃತ್ತು, ಇದೇ ಒತ್ತಡದ ಹಾರ್ಮೋನುಗಳ ಇನ್ನೊಂದು ಕಾಯಿಲೆಯನ್ನು ಹಿಂಬಾಲಿಸಿತು. ಪಿಟಿಎಸ್‌ಡಿ ಲಕ್ಷಣಗಳು ಗಣನೀಯವಾಗಿ ತಗ್ಗಿದವರಲ್ಲಿ ಸಕ್ಕರೆ ಕಾಯಿಲೆ ತಗಲುವ ಸಾಧ್ಯತೆ, ತಗ್ಗದವರಿಗಿಂತ ಶೇಕಡಾ 49ರಷ್ಟು ಕಡಿಮೆ!