ಒಮ್ಮೆ ಬಳಸಿ ಬಿಸಾಡುವ ಪಾತ್ರೆ: ಜೈವಿಕ ಔಷಧಿಗಳ ಹೊಸ ಲೆಕ್ಕಾಚಾರ

ವಾಣಿಜ್ಯ ಶಾಸ್ತ್ರ ಓದಿ, ಬ್ಯಾಂಕಿನ ಸಾಲದ ಕಡತಗಳ ನಡುವೆ ದಿನ ಕಳೆಯುವ ನನ್ನಂಥವನು ಔಷಧಿ ತಯಾರಿಕೆಯ ಬಗ್ಗೆ ಬರೆಯಹೊರಟರೆ ಸಂಘದ ವೈದ್ಯಮಿತ್ರರು ನಕ್ಕಾರು. ಆದರೆ ಇಲ್ಲಿ ಹೇಳಬೇಕೆಂದಿರುವುದು ರೋಗದ ವಿಚಾರವಲ್ಲ, ಪಾತ್ರೆಯ ವಿಚಾರ. ಪಾತ್ರೆಯ ಬೆಲೆ, ಅದನ್ನು ತೊಳೆಯುವ ಖರ್ಚು, ಅದು ಬರಿದಾಗಿ ಕುಳಿತ ದಿನಗಳ ಬಡ್ಡಿ, ಇವೆಲ್ಲ ನಮ್ಮ ಕಸುಬಿಗೇ ಸೇರಿದವು.

ಸ್ತನ ಕ್ಯಾನ್ಸರಿನ ಒಂದು ಬಗೆಗೆ ಕೊಡುವ ಟ್ರಾಸ್ಟುಝುಮಾಬ್‌ನಂತಹ ಔಷಧಿಗಳನ್ನು ಸಾಮಾನ್ಯ ಮಾತ್ರೆಗಳಂತೆ ರಾಸಾಯನಿಕಗಳನ್ನು ಬೆರೆಸಿ ಮಾಡಲಾಗದು. ಜೀವಕೋಶಗಳನ್ನು ಸಾಕಿ, ಅವುಗಳಿಂದಲೇ ಪಡೆಯಬೇಕು. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು 1957ರಲ್ಲಿ ಥಿಯೊಡೋರ್ ಪಕ್ ಎಂಬ ಅಮೆರಿಕದ ವಿಜ್ಞಾನಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದಿಂದ ಬೇರ್ಪಡಿಸಿದ ಕೋಶಗಳ ಸಂತಾನ. ಈ ಕೋಶಗಳು ಬಹಳ ನಾಜೂಕು. ಹದವಾದ ಶಾಖ, ಗಾಳಿ, ಆಹಾರಗಳನ್ನಿತ್ತು ಸುಮಾರು ಎರಡು ವಾರ ಪೋಷಿಸಬೇಕು. ಒಂದು ಕೋಶ ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಹಿಡಿದರೆ, ಹೊರಗಿನಿಂದ ನುಸುಳಿದ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷದಲ್ಲಿ ಇಮ್ಮಡಿಯಾಗಬಲ್ಲದು. ಹೀಗಾಗಿ ಒಂದೇ ಒಂದು ಕ್ರಿಮಿ ಒಳಹೊಕ್ಕರೂ ಇಡೀ ಸರದಿ ಚರಂಡಿಯ ಪಾಲು.

ಆದುದರಿಂದಲೇ ಹತ್ತು, ಇಪ್ಪತ್ತು ಸಾವಿರ ಲೀಟರಿನ ಸ್ಟೇನ್‌ಲೆಸ್ ಸ್ಟೀಲಿನ ಕೊಪ್ಪರಿಗೆಗಳನ್ನು ಪ್ರತಿ ಸರದಿಯ ನಂತರವೂ ಕ್ಷಾರದಿಂದ, ಅತಿಶುದ್ಧ ನೀರಿನಿಂದ ತೊಳೆದು, 121 ಡಿಗ್ರಿಗೂ ಮೇಲ್ಪಟ್ಟ ಹಬೆಯನ್ನು ಹಾಯಿಸಿ ಶುದ್ಧಿಗೊಳಿಸುತ್ತಾರೆ. ತೊಳೆದರೆ ಸಾಲದು, ತೊಳೆದದ್ದು ಸರಿಯಾಗಿದೆಯೆಂದು ಪರೀಕ್ಷೆ ಮಾಡಿ ಕಾಗದದಲ್ಲಿ ರುಜುವಾತುಪಡಿಸಬೇಕು. (ನಮ್ಮ ಆಡಿಟ್ ಇಲಾಖೆಯವರು ಕೇಳಿದರೆ ಸಂತೋಷಪಟ್ಟಾರು.) ಔಷಧಿ ಬದಲಾದರೆ ಹಿಂದಿನದರ ಲೇಶವೂ ಉಳಿದಿಲ್ಲವೆಂದು ಮತ್ತೆ ತೋರಿಸಬೇಕು.

ಉಕ್ಕಿನ ವ್ಯವಸ್ಥೆ ಕೆಟ್ಟರೆ ಏನಾಗುತ್ತದೆಂಬುದಕ್ಕೆ 2009ರ ಒಂದು ನಿದರ್ಶನವಿದೆ. ಅಮೆರಿಕದ ಬಾಸ್ಟನ್ ನಗರದ ಆಲ್‌ಸ್ಟನ್ ಎಂಬಲ್ಲಿದ್ದ ಜೆನ್‌ಝೈಮ್ ಸಂಸ್ಥೆಯ ಕಾರ್ಖಾನೆಯಲ್ಲಿ ವೆಸಿವೈರಸ್ ಎಂಬ ಸೋಂಕು ಕಾಣಿಸಿಕೊಂಡು, ಆ ವರ್ಷದ ಜೂನ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿ ಸ್ಥಾವರವನ್ನು ಶುದ್ಧೀಕರಿಸಬೇಕಾಯಿತು. ಗೋಶೆ, ಫ್ಯಾಬ್ರಿ ಎಂಬ ಅಪರೂಪದ ಆನುವಂಶಿಕ ರೋಗಗಳಿಂದ ನರಳುವವರ ಔಷಧಿ ಅಲ್ಲಿಂದಲೇ ಬರುತ್ತಿತ್ತು. ಅನೇಕ ರೋಗಿಗಳ ಪಾಲಿನ ಪ್ರಮಾಣವನ್ನೇ ಕಡಿತ ಮಾಡಬೇಕಾಯಿತು. ಚೀಲವಿದ್ದರೆ ವೈರಸ್ ಬರುತ್ತಿರಲಿಲ್ಲವೆಂದು ಹೇಳಲಾಗದು. ಸೋಂಕು ಕಚ್ಚಾ ಸಾಮಗ್ರಿಯ ಜೊತೆಯಲ್ಲೂ ಬರಬಹುದು. ಆದರೆ ಸೋಂಕು ತಗುಲಿದ ಚೀಲವನ್ನು ಸುಟ್ಟುಬಿಡಬಹುದು, ಉಕ್ಕಿನ ಕೊಪ್ಪರಿಗೆಯನ್ನು ಸುಡಲಾದೀತೆ?

ಯಾವ ಚೀಲ ಎಂದಿರಾ? ಮದುವೆಮನೆಯಲ್ಲಿ ಐನೂರು ಮಂದಿಗೆ ತಟ್ಟೆಯಿಟ್ಟು ಬಡಿಸಿದರೆ ಪ್ರತಿ ಪಂಕ್ತಿಗೂ ತಟ್ಟೆ ತೊಳೆಯುವವರು ಬೇಕು, ನೀರು ಬೇಕು, ಎರಡನೆಯ ಪಂಕ್ತಿಯವರು ಕಾಯಬೇಕು. ಬಾಳೆಯೆಲೆಯಾದರೆ ಉಂಡು ಎತ್ತಿದರಾಯಿತು. ಇಂದಿನ ಔಷಧಿ ಕಾರ್ಖಾನೆ ಹಿಡಿದಿರುವುದು ಈ ಎಲೆಯ ದಾರಿಯನ್ನೇ. 1990ರ ದಶಕದ ಕೊನೆಯಲ್ಲಿ ವಿಜಯ್ ಸಿಂಗ್ ಎಂಬ ತಂತ್ರಜ್ಞರು, ಪ್ಲಾಸ್ಟಿಕ್ ಚೀಲದಲ್ಲಿ ಕೋಶಗಳನ್ನು ತುಂಬಿ ತೊಟ್ಟಿಲಿನಂತೆ ತೂಗಿದರೆ ಏಳುವ ಅಲೆಗಳೇ ಅವಕ್ಕೆ ಗಾಳಿಯನ್ನು ಬೆರೆಸುತ್ತವೆಂದು ತೋರಿಸಿದರು. ಅನಂತರ ಬಂದ ದೊಡ್ಡ ಚೀಲಗಳನ್ನು ಉಕ್ಕಿನ ಕವಚದೊಳಗೆ ನಿಲ್ಲಿಸುತ್ತಾರೆ. ಕಡೆಯುವ ರೆಕ್ಕೆಯೂ ಚೀಲದೊಳಗೇ ಇರುತ್ತದೆ. ಹಲವು ಪದರಗಳ ಈ ಚೀಲಗಳನ್ನು ಗಾಮಾ ಕಿರಣಗಳಿಂದ ಮುಂಚಿತವಾಗಿಯೇ ಕ್ರಿಮಿಶುದ್ಧಗೊಳಿಸಿರುತ್ತಾರೆ. ಮುಂಬಯಿ ವಾಚಕರಿಗೆ ಈ ವಿಧಾನ ತೀರ ಅಪರಿಚಿತವಲ್ಲ. ನಮ್ಮ ಟ್ರಾಂಬೆಯ ಐಸೊಮೆಡ್ ಸ್ಥಾವರ 1974ರಲ್ಲೇ ವೈದ್ಯಕೀಯ ಸಾಮಗ್ರಿಗಳನ್ನು ಹೀಗೆ ಶುದ್ಧೀಕರಿಸಲು ಆರಂಭಿಸಿತ್ತು.

ಇನ್ನು ನನ್ನ ಲೆಕ್ಕ. ಹಿಂದೆ ಲೀಟರಿಗೆ ಅರ್ಧ ಗ್ರಾಂ ಔಷಧಿ ದೊರೆತರೆ ಅದೇ ಹೆಚ್ಚು; 5 ಕಿಲೋ ಬೇಕಾದರೆ 10,000 ಲೀಟರಿನ ಕೊಪ್ಪರಿಗೆ ಬೇಕು. ಇಂದು ಉತ್ತಮ ಕೋಶಗಳು ಲೀಟರಿಗೆ 5 ಗ್ರಾಂ ಕೊಡುತ್ತವೆ. ಅದೇ 5 ಕಿಲೋಗೆ 1,000 ಲೀಟರಿನ ಚೀಲ ಸಾಕು. ಚೀಲಕ್ಕೆ ಕಾಲ ಕೂಡಿಬಂದದ್ದು ಹೀಗೆ. ಉಕ್ಕಿನ ಕಾರ್ಖಾನೆ ಕಟ್ಟಿ ಮುಗಿಸಲು ವರ್ಷಗಳೇ ಬೇಕು. ಆ ಔಷಧಿ ಪ್ರಯೋಗದಲ್ಲಿ ಗೆಲ್ಲುತ್ತದೋ ಇಲ್ಲವೋ ತಿಳಿಯುವ ಮೊದಲೇ ಬಂಡವಾಳ ನೆಲದಲ್ಲಿ ಹೂತಿರುತ್ತದೆ. ಚೀಲದಲ್ಲಾದರೆ ಮೊದಲ ಬಂಡವಾಳ ಕಡಿಮೆ, ಸರದಿಯೊಂದಕ್ಕೆ ತಗಲುವ ವೆಚ್ಚ ಹೆಚ್ಚು. ಅಂದರೆ ಸ್ಥಿರ ವೆಚ್ಚ ಅಸ್ಥಿರ ವೆಚ್ಚವಾಗಿ ಮಾರ್ಪಡುತ್ತದೆ. ಇಂದು ಒಂದು ಔಷಧಿ, ಮುಂದಿನ ತಿಂಗಳು ಇನ್ನೊಂದು ಎಂಬಂತೆ ನಡೆಸುವವರಿಗೆ ಇದು ಲಾಭ. ಒಂದೇ ಔಷಧಿಯನ್ನು ವರ್ಷವಿಡೀ ರಾಶಿಗಟ್ಟಲೆ ಮಾಡುವವರಿಗೆ ಉಕ್ಕೇ ಮೇಲು. ಚೀಲಗಳು ಸಾಮಾನ್ಯವಾಗಿ 2,000 ಲೀಟರಿಗೆ ನಿಲ್ಲುತ್ತವೆ. ಸೂಕ್ಷ್ಮಜೀವಿಗಳಿಂದ ಪಡೆಯುವ ಇನ್ಸುಲಿನ್‌ಗೂ ಅದು ಅಷ್ಟಾಗಿ ಹೊಂದದು, ಏಕೆಂದರೆ ಅಲ್ಲಿ ಹುಟ್ಟುವ ಶಾಖವನ್ನು ಹೊರತೆಗೆಯಲು ಪ್ಲಾಸ್ಟಿಕ್ಕಿಗಿಂತ ಲೋಹವೇ ಸಮರ್ಥ.

ಪತ್ನಿಯ ಚಿಕಿತ್ಸೆಗೆಂದು ಅವಧಿಗೆ ಮೊದಲೇ ಠೇವಣಿ ಮುರಿಸಲು ಬರುವ ಗಿರಾಕಿಗಳನ್ನು ನಮ್ಮ ಶಾಖೆಯಲ್ಲಿ ಕಂಡಿದ್ದೇನೆ. ಅವರಿಗೆ ಪಾತ್ರೆಯ ಚಿಂತೆಯೇಕೆ? ಬೆಂಗಳೂರಿನ ಬಯೋಕಾನ್ 2014ರಲ್ಲಿ ತನ್ನದೇ ಟ್ರಾಸ್ಟುಝುಮಾಬ್‌ಅನ್ನು ಭಾರತದ ಮಾರುಕಟ್ಟೆಗೆ ತಂದಾಗ, ಮೂಲ ಔಷಧಿಗಿಂತ ಕಡಿಮೆ ಬೆಲೆಯದೊಂದು ದೊರಕುವಂತಾಯಿತು. ಬೆಲೆ ಇಳಿಸುವುದು ಪೈಪೋಟಿ. ಚೀಲದ ಉಪಕಾರವೆಂದರೆ ಪೈಪೋಟಿಗೆ ಇಳಿಯುವವರ ಮೊದಲ ಹೊರೆಯನ್ನು ತಗ್ಗಿಸುವುದು.

ದೋಷಗಳಿಲ್ಲದಿಲ್ಲ. ಪ್ಲಾಸ್ಟಿಕ್ ಕೆಡದಿರಲೆಂದು ಸೇರಿಸುವ ಒಂದು ರಾಸಾಯನಿಕ, ಗಾಮಾ ಕಿರಣಗಳಿಗೆ ಸಿಲುಕಿ ಒಡೆದು, ಕೋಶಗಳ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಸ್ತುವಾಗುತ್ತದೆಂದು 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ತಯಾರಕರು ಪದರಗಳ ಸೂತ್ರವನ್ನು ಬದಲಿಸಬೇಕಾಯಿತು. ಬಳಸಿದ ಚೀಲಗಳನ್ನು ಹೆಚ್ಚಾಗಿ ಸುಡುತ್ತಾರೆ. ತೊಳೆಯುವ ನೀರು, ಹಬೆಗಳ ಉಳಿತಾಯವನ್ನೂ ಗಣಿಸಿದರೆ ಪರಿಸರಕ್ಕೆ ಒಟ್ಟಿನಲ್ಲಿ ಹಗುರವೆಂದು ಹೇಳುವ ಅಧ್ಯಯನಗಳಿವೆಯಾದರೂ, ಅವುಗಳಲ್ಲಿ ಹಲವು ಚೀಲ ಮಾರುವವರೇ ಮಾಡಿಸಿದವು. ಸಾಲ ಕೇಳುವವನೇ ಬರೆದುತಂದ ಯೋಜನಾ ವರದಿಯನ್ನು ಹೇಗೆ ಓದುತ್ತೇವೋ ಹಾಗೆಯೇ ಇವನ್ನೂ ಓದಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಕಂಡದ್ದು ಕೋವಿಡ್ ಕಾಲದಲ್ಲಿ. ಅಮೆರಿಕ ಸರ್ಕಾರ ತನ್ನ ರಕ್ಷಣಾ ಉತ್ಪಾದನಾ ಕಾಯಿದೆಯ ಬಲದಿಂದ ಚೀಲ, ಫಿಲ್ಟರುಗಳನ್ನು ಮೊದಲು ತನ್ನ ಲಸಿಕೆ ತಯಾರಕರಿಗೆ ದೊರಕುವಂತೆ ಮಾಡಿತು. 2021ರ ಏಪ್ರಿಲ್‌ನಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಅದಾರ್ ಪೂನಾವಾಲಾ ಅವರು ಕಚ್ಚಾ ಸಾಮಗ್ರಿಯ ರಫ್ತಿನ ತಡೆಯನ್ನು ತೆಗೆಯುವಂತೆ ಅಮೆರಿಕದ ಅಧ್ಯಕ್ಷರಿಗೆ ಬಹಿರಂಗವಾಗಿ ಮೊರೆಯಿಡಬೇಕಾಯಿತು. ಜೂನ್‌ನಲ್ಲಿ ಅಮೆರಿಕ ಕೆಲವು ಲಸಿಕೆಗಳಿಗೆ ಸಂಬಂಧಿಸಿದ ಆ ಆದ್ಯತೆಯನ್ನು ಹಿಂತೆಗೆದುಕೊಂಡಿತು. ಉಕ್ಕಿನ ಕೊಪ್ಪರಿಗೆ ಒಮ್ಮೆ ಕೊಂಡರೆ ಹತ್ತಾರು ವರ್ಷ ನಮ್ಮದು. ಚೀಲಕ್ಕೆ ಪ್ರತಿ ಸರದಿಗೂ ಮಾರುವವನ ಬಾಗಿಲಿಗೇ ಹೋಗಬೇಕು. ಒಬ್ಬರ ಚೀಲ ಇನ್ನೊಬ್ಬರ ಕವಚಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಬಳಕೆಗೆ ಅವಧಿ ಗೊತ್ತುಪಡಿಸಿರುವುದರಿಂದ ವರ್ಷಗಟ್ಟಲೆ ಕೂಡಿಡುವಂತೆಯೂ ಇಲ್ಲ. ಇಂತಹ ಕಾರ್ಖಾನೆಯೊಂದರ ಸಾಲದ ಅರ್ಜಿ ನನ್ನ ಮೇಜಿಗೆ ಬಂದರೆ, ಯಂತ್ರಗಳ ಪಟ್ಟಿಗಿಂತ ಮೊದಲು ಚೀಲ ಪೂರೈಸುವವರು ಎಷ್ಟು ಮಂದಿ, ಗೋದಾಮಿನಲ್ಲಿ ಎಷ್ಟು ತಿಂಗಳ ದಾಸ್ತಾನಿದೆಯೆಂದು ಕೇಳುತ್ತೇನೆ.