ಮೊದಲು ಹೆಸರು, ಆಮೇಲೆ ವಾಕ್ಯ

ಪ್ರಶ್ನೆ: ಫ್ರೆಂಚರು ‘ನನ್ನ ತಮ್ಮ, ಅವನು ಹೋದ’ ಎಂಬಂತೆ ಒಬ್ಬನನ್ನೇ ಎರಡು ಸಲ ಹೇಳುತ್ತಾರಂತೆ. ಯಾಕೆ? (ಬೀದರಿನ ಓದುಗರು)

ಉತ್ತರ: ‘ಮೊಂ ಫ್ರೇರ್, ಇಲೆ ಪಾರ್ತಿ’ ಎಂಬುದು ಅಲ್ಲಿನ ದಿನದ ಮಾತು. ಯಾರ ವಿಷಯ ಎಂಬುದನ್ನು ವಾಕ್ಯದ ಹೊರಗೇ ಹೇಳಿ, ಆಮೇಲೆ ಸರ್ವನಾಮದಿಂದ ಪೂರ್ತಿ ವಾಕ್ಯ ಕಟ್ಟುತ್ತಾರೆ. ನಿಮ್ಮ ಕಡೆಯೂ ಇದು ಇದೆ. ‘ಭಾಲ್ಕಿ ಸೊಸಿ ಅದಾಳಲ್ಲ, ಆಕಿಗೆ ಹೇಳು.’ ಇಲ್ಲಿ ಸೊಸಿಗೆ ವಿಭಕ್ತಿ ಇಲ್ಲ. ‘ಗೆ’ ಹತ್ತಿದ್ದು ‘ಆಕಿ’ಗೆ. ನಡುವಿನ ‘ಅದಾಳಲ್ಲ’ ಬಹಳ ಚೆಂದದ್ದು: ಯಾರೆಂದು ಗೊತ್ತಾಯಿತಲ್ಲವೇ ಎಂದು ಕೇಳುವವರನ್ನು ವಿಚಾರಿಸಿಕೊಂಡೇ ಮಾತು ಮುಂದೆ ಹೋಗುತ್ತದೆ. ಹೊಸ ವಿಷಯ ತೆಗೆಯಲು ‘ಅಂದ್ರ’ ಇದೆ: ‘ಔರಾದ ಅಂದ್ರ, ಅಲ್ಲಿ ದೇವಣಿ ದನ ನೋಡಬೇಕು.’

ಹೆಸರು ಕೊನೆಗೂ ಬರಬಹುದು. ಎಲ್ಲರೂ ಒಂದೇ ಬಸ್ಸಿಗೆ ಕಾಯುತ್ತಿರುವಾಗ ‘ಬಂತು ನೋಡ್ರಿ, ಔರಾದ ಬಸ್’ ಅನ್ನುತ್ತೇವೆ; ಕೊನೆಯ ಎರಡು ಪದಕ್ಕೆ ದನಿ ಇಳಿಯುತ್ತದೆ. ಫ್ರೆಂಚಿನ ‘ಇಲೆ ಪಾರ್ತಿ, ಮೊಂ ಫ್ರೇರ್’ ಕೂಡ ಹಾಗೆಯೇ. ವಿಷಯ ಕೇಳುವವರ ಮನಸ್ಸಿನಲ್ಲಿ ಆಗಲೇ ಇದ್ದರೆ ಮಾತ್ರ ಅದು ಒಪ್ಪುತ್ತದೆ.

ವ್ಯತ್ಯಾಸವೂ ಇದೆ. ನಮ್ಮ ‘ಬಂದ’, ‘ಬಂದಳು’, ‘ಬಂತು’ಗಳಲ್ಲಿ ಬಂದವರು ಯಾರೆಂಬ ಗುರುತು ಕ್ರಿಯಾಪದದಲ್ಲೇ ಇದೆ, ಸರ್ವನಾಮ ಬಿಟ್ಟರೂ ನಡೆಯುತ್ತದೆ. ಫ್ರೆಂಚಿನಲ್ಲಿ ನಾನು, ನೀನು, ಅವನು, ಅವರು ಎಲ್ಲಕ್ಕೂ ಎಷ್ಟೋ ಕ್ರಿಯಾಪದಗಳ ಉಚ್ಚಾರ ಒಂದೇ, ಹಾಗಾಗಿ ‘ಇಲ್’ (ಅವನು) ಬೇಕೇ ಬೇಕು. ಭಾಷಾವಿಜ್ಞಾನಿ ಕ್ನುಡ್ ಲಾಂಬ್ರೆಕ್ಟ್ 1981ರ ಪುಸ್ತಕದಲ್ಲಿ ಫ್ರೆಂಚಿನ ಈ ಎರಡೂ ರಚನೆಗಳನ್ನು, ಹೆಸರು ಮೊದಲು ಬರುವುದನ್ನೂ ಕೊನೆಗೆ ಬರುವುದನ್ನೂ, ವಿವರಿಸಿದ್ದಾರೆ. ಹೀಗೆ ಎರಡು ಸಲ ಹೇಳುವುದನ್ನು ಪುನರುಕ್ತಿಯೆಂದು ತಿದ್ದುವ ಮೇಷ್ಟ್ರ ಮಾತನ್ನು ನಾನು ಒಪ್ಪುವುದಿಲ್ಲ.