ಎರಡು ದೇಶ, ಒಂದು ಸಂಸಾರ: ಡಾ. ಕೋಟ್ನಿಸರ ನೆನಪು

ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಮೆಟ್ಟಿಲು ಹತ್ತದ ಕನ್ನಡದ ಸಂಸಾರ ಮುಂಬಯಿಯಲ್ಲಿ ಅಪರೂಪ. ಆ ಆಸ್ಪತ್ರೆಗೆ ಸೇರಿದ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದವರು ಡಾ. ದ್ವಾರಕಾನಾಥ ಕೋಟ್ನಿಸ್. ವಿ. ಶಾಂತಾರಾಮ್ ನಿರ್ದೇಶಿಸಿ ತಾವೇ ನಾಯಕರಾಗಿ ನಟಿಸಿದ ‘ಡಾ. ಕೋಟ್ನಿಸ್ ಕಿ ಅಮರ್ ಕಹಾನಿ’ (1946) ಚಿತ್ರದಿಂದ ಹಿರಿಯರಿಗೆ ಅವರ ಹೆಸರು ಪರಿಚಿತ. ಇಂದಿನ ಯುವಕ ಯುವತಿಯರೂ ಅವರನ್ನು ಅರಿಯಬೇಕು.

ಕೋಟ್ನಿಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಶಿವಯೋಗಿ ಸಿದ್ಧರಾಮರ ಆ ಊರಿನಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಅವರದು ಮರಾಠಿ ಮನೆತನ; ಒಡಹುಟ್ಟಿದವರು ತುಂಬಿದ ದೊಡ್ಡ ಸಂಸಾರ. ಮಗ ಡಾಕ್ಟರಾದರೆ ಇಂಥ ಮನೆ ಏನನ್ನು ಎದುರುನೋಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಡೆದದ್ದೇ ಬೇರೆ. 1937ರಲ್ಲಿ ಜಪಾನ್ ಚೀನದ ಮೇಲೆ ದಂಡೆತ್ತಿತು. ಗಾಯಾಳುಗಳ ಆರೈಕೆಗೆ ವೈದ್ಯರನ್ನು ಕಳುಹಿಸಿ ಎಂದು ಚೀನದ ಸೇನಾನಿ ಝೂ ದೆ ಅವರು ನೆಹರೂ ಅವರಿಗೆ ಪತ್ರ ಬರೆದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಸುಭಾಷ್ ಚಂದ್ರ ಬೋಸ್. 1938ರ ಸೆಪ್ಟೆಂಬರಿನಲ್ಲಿ ಡಾ. ಅಟಲ್, ಚೋಳ್ಕರ್, ಬಸು, ಮುಖರ್ಜಿ ಮತ್ತು ಕೋಟ್ನಿಸ್ ಎಂಬ ಐವರು ವೈದ್ಯರು ಮುಂಬಯಿಯಿಂದ ಹಡಗು ಹತ್ತಿದರು.

ಚೀನದಲ್ಲಿದ್ದಾಗಲೇ ಅವರಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಮರಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮರಳಲಿಲ್ಲ. ಮನೆಯ ಮಮತೆ ಇಲ್ಲದವರು ಹೀಗೆ ಮಾಡಿಯಾರು ಎಂದು ಯಾರಿಗಾದರೂ ಅನ್ನಿಸಬಹುದು. ಅವರ ಮುಂದಿನ ಬದುಕನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ರೋಗಿಯ ನೋವು ತಿಳಿಯಲು ದುಭಾಷಿಯನ್ನೇ ನಂಬಿ ಕೂರದೆ ಕೋಟ್ನಿಸರು ಚೀನೀ ಭಾಷೆ ಕಲಿತರು. ಮುಂದೆ ಅದೇ ಭಾಷೆಯಲ್ಲಿ ವಿದ್ಯಾರ್ಥಿಗಳಿಗೆ ವೈದ್ಯಕೀಯ ಪಾಠ ಹೇಳಿದರು. 1940ರ ಒಂದು ಕಾಳಗದಲ್ಲಿ ಮೂರು ಹಗಲು ಮೂರು ರಾತ್ರಿ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಕೆನಡಾದಿಂದ ಬಂದು ಚೀನದಲ್ಲಿ ದುಡಿದು ಅಲ್ಲಿಯೇ 1939ರಲ್ಲಿ ಮಡಿದ ಡಾ. ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದರು.

ಅದೇ ವರ್ಷ ಗುವೋ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಮರುವರ್ಷ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಮಗುವಿಗೆ ಇನ್‌ಹುವಾ ಎಂದು ಹೆಸರಿಟ್ಟರು: ‘ಇನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. ತಂದೆಯ ನಾಡನ್ನೂ ತಾಯಿಯ ನಾಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ ಮನುಷ್ಯ ತನ್ನ ಮನೆಯನ್ನು ಮರೆತವನಾಗಿರಲು ಸಾಧ್ಯವೇ?

ಆ ಮಗುವಿನ ಆಟಪಾಟವನ್ನು ಕಣ್ತುಂಬ ನೋಡುವ ಭಾಗ್ಯ ಮಾತ್ರ ಅವರಿಗಿರಲಿಲ್ಲ. ದುಡಿಮೆಯಿಂದ ಬಳಲಿದ್ದ ದೇಹವನ್ನು ಅಪಸ್ಮಾರ ಕಾಡುತ್ತಿತ್ತು. 1942ರ ಡಿಸೆಂಬರ್ 9ರಂದು, ಕೇವಲ ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಂದೆಯ ಹಾದಿ ಹಿಡಿದು ವೈದ್ಯಕೀಯ ಓದುತ್ತಿದ್ದ ಇನ್‌ಹುವಾ ಕೂಡ 1967ರಲ್ಲಿ, ಎಳೆಯ ವಯಸ್ಸಿನಲ್ಲೇ ಕಣ್ಮುಚ್ಚಿದ. ಗುವೋ ಅವರು ಪತಿಯ ನಾಡಿಗೆ ಹಲವು ಬಾರಿ ಬಂದು, ಅತ್ತೆಮನೆಯವರೊಡನೆ ಕೊನೆಯವರೆಗೂ ಬಾಂಧವ್ಯ ಉಳಿಸಿಕೊಂಡರು. ಅವರು ತೀರಿಕೊಂಡದ್ದು 2012ರಲ್ಲಿ. 1962ರ ಯುದ್ಧ ಎರಡು ದೇಶಗಳ ಸ್ನೇಹವನ್ನು ಮುರಿದರೂ ಈ ನಂಟು ಮುರಿಯಲಿಲ್ಲ. 2006ರಲ್ಲಿ ಚೀನದ ಅಧ್ಯಕ್ಷ ಹೂ ಜಿಂತಾವೋ ಮುಂಬಯಿಗೆ ಬಂದಾಗ ಕೋಟ್ನಿಸರ ಮನೆಯವರನ್ನು ಕಂಡು ಮಾತನಾಡಿಸಿದರು.

ಯುವಮಿತ್ರರೇ, ನಿಮ್ಮಲ್ಲಿ ಹಲವರು ಡಾಕ್ಟರು, ನರ್ಸ್ ಆಗುವ ಹಂಬಲದಲ್ಲಿದ್ದೀರಿ. ವಿಜಾಪುರ, ಕಲಬುರಗಿ ಕಡೆಯಿಂದ ಚಿಕಿತ್ಸೆಗೆಂದು ಸೊಲ್ಲಾಪುರಕ್ಕೆ ಬರುವವರಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದ ಅಜ್ಜ ಅಜ್ಜಿಯರಿರುತ್ತಾರೆ. ಅವರ ಹಾಸಿಗೆಯ ಪಕ್ಕ ನಿಂತು “ಎಲ್ಲಿ ನೋಯ್ತದ, ಅಜ್ಜಿ?” ಎಂದು ಕೇಳಬಲ್ಲ ಡಾಕ್ಟರು ಸಿಕ್ಕರೆ ಅರ್ಧ ನೋವು ಅಲ್ಲೇ ಇಳಿದೀತು. ಕೋಟ್ನಿಸರು ಆ ಒಂದು ಪ್ರಶ್ನೆಗಾಗಿ ಪರಭಾಷೆಯನ್ನು ಕಲಿತರು. ನಿಮಗೆ ಅದು ಮನೆಯಲ್ಲೇ, ತಾಯಿಯ ಬಾಯಿಂದ ಬಂದಿದೆ. ಅದನ್ನು ಕಳೆದುಕೊಳ್ಳಬೇಡಿ.